ಎರಡು ಸಲ ಬದಲಾದ ಕಲ್ಲು

ಹೋದ ತಿಂಗಳು ತಮ್ಮನ ಹೊಸ ಮನೆಯ ಅಡುಗೆಕಟ್ಟೆಗೆ ಕಲ್ಲು ಆರಿಸಲೆಂದು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯೊಂದಕ್ಕೆ ಹೋಗಿದ್ದೆ. ತಿರುಗುವ ಗರಗಸದ ಮೇಲೆ ನೀರು ಸುರಿಯುತ್ತಿತ್ತು. ಕೊಯ್ದ ಕಲ್ಲಿನ ಹಸಿ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ತಮ್ಮ ಏನು ಹೇಳುತ್ತಿದ್ದಾನೆಂಬುದು ಕಿವಿಗೆ ಬೀಳಲಿಲ್ಲ. ಬಾಗಲಕೋಟೆಯ ಕಾಲೇಜು, ಅದರ ಪ್ರಯೋಗಾಲಯ, ಗಾಜಿನ ಹಲಗೆಯ ಮೇಲೆ ಕಲ್ಲಿನ ಚೂರು ತಿಕ್ಕುತ್ತ ಕುಳಿತ ನಮ್ಮ ಭೂವಿಜ್ಞಾನದ ಮೇಡಂ...

ಅವರ ಸೆರಗಿಗೂ ಇದೇ ವಾಸನೆ ಇರುತ್ತಿತ್ತು. ದಿನಾ ಬಾದಾಮಿಯಿಂದ ಬಸ್ಸಿಗೆ ಬರುತ್ತಿದ್ದರು. ಪಾಠ ಮುಗಿಸಿ, ನೀರು, ಅರೆಯುವ ಪುಡಿ ಹಾಕಿ, ಬೆಳಕು ಆಚೆ ಹಾಯುವಷ್ಟು ತೆಳ್ಳಗೆ ಕಲ್ಲನ್ನು ತಿಕ್ಕಿ ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರು. ನಾನು ನೇಕಾರರ ಮನೆಯ ಹುಡುಗಿ, ಬೇರೆ ವಿಷಯಕ್ಕೆ ಸೀಟು ಸಿಗದೆ ಭೂವಿಜ್ಞಾನ ತೆಗೆದುಕೊಂಡವಳು. ಮೊದಲ ಸಲ ಅದರೊಳಗೆ ಇಣುಕಿದಾಗ ಕಂಡ ಬಣ್ಣಗಳು ನಮ್ಮ ಮನೆಯ ಯಾವ ಸೀರೆಯಲ್ಲೂ ಇರಲಿಲ್ಲ.

ಹುನಗುಂದದ ಆಚೆ ಒಂದು ದಿಬ್ಬದಲ್ಲಿ ಅವರಿಗೆ ಕಪ್ಪುಹಸಿರು ಕಲ್ಲಿನ ತುಂಡುಗಳು ಸಿಕ್ಕಿದ್ದವು. ನಾವು ನಿಂತ ಭೂಮಿಯ ಹೊರಪದರದ ಕೆಳಗೆ ಮ್ಯಾಂಟಲ್ ಎಂಬ ಪದರವಿದೆ. ಹಿಂದೆಂದೋ ಕರಗಿದ ಶಿಲೆ ಅಲ್ಲಿಂದ ಮೇಲೇರುವಾಗ ಹೊತ್ತು ತಂದ ತುಂಡುಗಳು ಅವು. ಅಲ್ಲಿಯ ಕಲ್ಲು ಬಹುಮಟ್ಟಿಗೆ ಒಣ ಕಲ್ಲು, ಗಟ್ಟಿ ಕಲ್ಲು. ಈ ತುಂಡುಗಳಲ್ಲಿ ಮಾತ್ರ ನೀರು ಹೊಕ್ಕು ಖನಿಜಗಳೇ ಬೇರೆಯಾಗಿದ್ದವು. ಬೆರಳಾಡಿಸಿದರೆ ಸಾಬೂನಿನಂಥ ನುಣುಪು.

"ಅಷ್ಟ ಆಳದಾಗ ನೀರು ಎಲ್ಲಿಂದ ಬರ್ತೈತ್ರಿ ಮೇಡಂ?" ಎಂದು ಕೇಳಿದ್ದೆ.

"ಬಾವಿ ನೀರಿನಂಗ ಅಲ್ಲವಾ. ಖನಿಜದ ಒಳಗ ಅಡಗಿ ಕೂತಿರ್ತದ. ಕಾವಿಗೆ ಹೊರಗ ಬಂದು ಬಾಜೂ ಕಲ್ಲಿನ ಗುಣಾನ ಬದಲ ಮಾಡಿಬಿಡ್ತದ."

ಈ ಬದಲಾವಣೆ ಕೆಳಗೇ ಆದದ್ದು, ಕಲ್ಲು ಮೇಲೆ ಬರುವುದಕ್ಕೆ ಮೊದಲೇ ಆದದ್ದು ಎಂಬುದು ಅವರ ಪಿಎಚ್‌ಡಿಯ ವಾದ. ಮನೆ, ಮಗಳು, ಕಾಲೇಜಿನ ನಡುವೆ ವರ್ಷಗಟ್ಟಲೆ ಅದನ್ನೇ ಮಾಡಿದ್ದರು. ನಾನು ಕೊನೆಯ ವರ್ಷದಲ್ಲಿದ್ದಾಗ ಪ್ರಬಂಧ ಬಹುತೇಕ ಮುಗಿದು, ಒಳಗಿನ ನೀರು ಎಲ್ಲಿಯದೆಂದು ತಿಳಿಯಲು ದೂರದ ಪ್ರಯೋಗಾಲಯವೊಂದಕ್ಕೆ ಕಳಿಸಿದ ಚೂರುಗಳ ಫಲಿತಾಂಶವೊಂದೇ ಬಾಕಿ ಇತ್ತು. ಅದು ಫೋನಿನಲ್ಲಿ ಬಂದಾಗ ನಾನು ಅಲ್ಲೇ ಇದ್ದೆ. ಮೇಡಂ ಫೋನ್ ಇಟ್ಟು ಕುಳಿತರು.

"ಮಳಿ ನೀರಂತ," ಎಂದರು.

ಅಂದರೆ ಕಲ್ಲು ಮೇಲೆ ಬಂದಮೇಲೆ, ಬಿರುಕಿನಲ್ಲಿ ಇಳಿದ ಮಳೆನೀರು ಮಾಡಿದ ಕೆಲಸ. ಅಷ್ಟು ವರ್ಷದ ವಾದ ಅಲ್ಲಿಗೇ ಬಿದ್ದಿತ್ತು.

ಅವರ ಮಾರ್ಗದರ್ಶಕರು ಆ ವಾರ ಕಾಲೇಜಿಗೆ ಬಂದಿದ್ದರು. "ಆ ಚೂರಿನ ಮಾತು ಕೈಬಿಡ್ರಿ. ಉಳಿದದ್ದರ ಮ್ಯಾಲ ಬರದು ಮುಗಸ್ರಿ," ಎಂದರು.

"ನಾ ಬಿಟ್ರ ಕಲ್ಲು ಬಿಡ್ತದೇನ್ರಿ ಸರ್?" ಎಂದು ಮೇಡಂ ಮೆಲ್ಲಗೆ ಕೇಳಿದರು.

ದಿಬ್ಬದ ಮಗ್ಗುಲಲ್ಲೇ ಆಗ ರೈತರೊಬ್ಬರು ಬಾವಿ ತೋಡಿಸುತ್ತಿದ್ದರು. ಆಳದಿಂದ ಒಡೆದು ತೆಗೆದ, ಗಾಳಿ ಬಿಸಿಲು ಕಾಣದ ಅದೇ ಕಪ್ಪುಹಸಿರು ಕಲ್ಲು ಅಲ್ಲಿ ರಾಶಿ ಬಿದ್ದಿತ್ತು. ಮೇಡಂ ನನ್ನನ್ನೂ ಕರೆದುಕೊಂಡು ಹೋಗಿ ಚೀಲ ತುಂಬ ಆರಿಸಿ ತಂದರು. ತಿಕ್ಕಿ ನೋಡಿದಾಗ ಅದರಲ್ಲಿ ಕಂದು ಅಭ್ರಕದ ಹಾಳೆಗಳು ಕಂಡವು. ಅಂಥ ಅಭ್ರಕ ಆಗಲು ನೀರಿನ ಜೊತೆಗೆ ಬಹಳ ಆಳ, ಬಹಳ ಕಾವು ಬೇಕು. ಅದು ಮಳೆನೀರಿನ ಕೆಲಸವಲ್ಲ. ಆದರೆ ಆ ಹಾಳೆಗಳನ್ನು ಸೀಳಿಕೊಂಡು ನುಣುಪಾದ ಹಸಿರು ಗೆರೆಗಳು ಹರಿದಿದ್ದವು. ಕಲ್ಲು ಒಮ್ಮೆ ಕೆಳಗೆ ಬದಲಾಗಿ, ಮೇಲೆ ಬಂದು ಮತ್ತೊಮ್ಮೆ ಬದಲಾಗಿತ್ತು.

"ಹಂಗಾರ ನಿಮ್ದ ಖರೆ ಆತಲ್ರಿ!" ಎಂದು ನಾನು ಕುಣಿದಾಡಿದೆ.

ಅವರು ನಗಲಿಲ್ಲ. "ಯಾವ ನೀರು ಎಷ್ಟು ಮಾಡ್ತು ಅಂತ ಹೆಂಗ ಬ್ಯಾರೆ ಮಾಡ್ಲಿ? ಎರಡೂ ಒಂದರಾಗೊಂದು ಕೂಡಿಬಿಟ್ಟಾವ..."

ಕೊನೆಯ ಅಧ್ಯಾಯವನ್ನು ಅವರು ಹೊಸದಾಗಿ ಬರೆದರು: ಈಗ ಇರುವ ಆಧಾರದಿಂದ ತೀರ್ಮಾನ ಹೇಳಲಾಗದು ಎಂದು. ಯಾವುದಾದರೂ ಒಂದು ನಿಲುವು ತಾಳಿ ಎಂದು ಪರೀಕ್ಷಕರು ಪ್ರಬಂಧವನ್ನು ಹಿಂದಿರುಗಿಸಿದರು. ಮೇಡಂ ಅದನ್ನು ಮತ್ತೆ ಕಳಿಸಲಿಲ್ಲ. ಪ್ರಾಮಾಣಿಕತೆಯೋ, ಹಟವೋ, ಬರೀ ದಣಿವೋ... ನನಗೆ ತಿಳಿಯಲಿಲ್ಲ. ತರಗತಿಯಲ್ಲಿ ಈ ಎರಡು ನೀರಿನ ಕಥೆ ಹೇಳಿದಾಗ ಯಾರೋ, "ಪರೀಕ್ಷಾದಾಗ ಯಾವ್ದು ಬರೀಬೇಕ್ರಿ ಮೇಡಂ?" ಎಂದಾಗ, "ಪುಸ್ತಕದಾಗ ಇದ್ದದ್ದು ಬರೀರಿ," ಎಂದು ನಕ್ಕು, ಬೋರ್ಡು ಒರೆಸತೊಡಗಿದ್ದರು.

ಆಮೇಲೆ ನಾನು ಹುನಗುಂದದಲ್ಲಿ ಶಿಕ್ಷಕಿಯಾದೆ. ಅವರು ನಿವೃತ್ತರಾದ ಮೇಲೆ ಒಮ್ಮೆ ಅಮೀನಗಡದ ಬಸ್‌ ನಿಲ್ದಾಣದಲ್ಲಿ ಸಿಕ್ಕರು, ಕೈಯಲ್ಲಿ ಮೊಮ್ಮಗನಿಗೆಂದು ಕೊಂಡ ಕರದಂಟಿನ ಪೊಟ್ಟಣ. ತಡೆಯಲಾರದೆ ಪ್ರಬಂಧದ ಮಾತು ಎತ್ತಿದೆ.

"ಒಂದಿನ ಅನಸ್ತದ, ಸರಿ ಮಾಡ್ದೆ ಅಂತ. ಮರುದಿನ ಅನಸ್ತದ, ಅಂಜಿ ಬಿಟ್ಟೆ ಅಂತ. ನಿನಗೇನ್ ಅನಸ್ತದವಾ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಬಸ್ಸು ಬಂತು...

ಕಾರ್ಖಾನೆಯಿಂದ ಮರಳಿದ ಸಂಜೆ, ಕಲ್ಲುಗಳ ಸಂಶೋಧನೆಯಲ್ಲೇ ಇರುವ ಹಳೆಯ ಸಹಪಾಠಿಗೆ ಫೋನ್ ಮಾಡಿ ಆ ದಿಬ್ಬದ ಬಗ್ಗೆ ಕೇಳಿದೆ. ಈಗ ಒಂದೊಂದು ಕಣವನ್ನೂ ಬೇರೆ ಬೇರೆ ಅಳೆಯುವ ಯಂತ್ರಗಳು ಬಂದಿವೆಯಂತೆ. ಯಾರೋ ಹೊಸಬರು ಅದೇ ಕಲ್ಲನ್ನು ಅಳೆದಿದ್ದರು. ಅಭ್ರಕದ ನೀರು ಆಳದ್ದು, ಹಸಿರು ಗೆರೆಗಳದ್ದು ಮಳೆಯದು. ಹೆಚ್ಚಿನ ಬದಲಾವಣೆ ಮಾತ್ರ ಮಳೆನೀರಿನದೇ.

ಮರುದಿನ ಮೇಡಂ ಅವರ ಬಾದಾಮಿಯ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು. ಕಳೆದ ಚಳಿಗಾಲದಲ್ಲಿ ಅಮ್ಮ ತೀರಿಕೊಂಡರು ಎಂದಳು. ಆ ಹೊಸ ಅಳತೆಯ ಸುದ್ದಿಯನ್ನೇ ತಡವರಿಸುತ್ತ ಹೇಳಿದೆ.

"ನನಗ ಇದೆಲ್ಲ ತಿಳಿಯಂಗಿಲ್ರಿ. ಒಂದ ಮಾತು ಹೇಳ್ರಿ. ನಮ್ಮಮ್ಮ ಹೇಳಿದ್ದು ಸರಿ ಇತ್ತೋ, ತಪ್ಪಿತ್ತೋ?"

"ಸರಿ ಇತ್ರಿ," ಎಂದೆ. ಆಕೆ ಅಳತೊಡಗಿದಳು.

ಯಾವ ಮಾತಿಗೆ ಸರಿ ಎಂದೆನೋ ನನಗೇ ಗೊತ್ತಿಲ್ಲ. ಮೊದಲು ಹೇಳಿದ್ದಕ್ಕೋ, ಕೊನೆಗೆ ಹೇಳಲಾಗದು ಎಂದದ್ದಕ್ಕೋ... ಕೇಳೋಣವೆಂದರೆ ಮೇಡಂ ಇಲ್ಲ.