ಪಾವಗಡ ಬಸ್ಸಿನ ವಿಜ್ಞಾನದ ಮೇಷ್ಟ್ರು

ಎಂಬತ್ತರ ದಶಕದಲ್ಲಿ ನಾನು ಮಧುಗಿರಿ–ಪಾವಗಡ ಬಸ್ಸಿನ ಕಂಡಕ್ಟರ್. ದಿನವೂ ಹತ್ತುತ್ತಿದ್ದ ವಿಜ್ಞಾನದ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕೊಡೆಯನ್ನು ನೆಲಕ್ಕೆ ಕುಟ್ಟಿ "ಪೂರಾ ಕೇಳಯ್ಯ" ಎನ್ನುತ್ತಿದ್ದರು.

ನನ್ನ ಮಗಳ ಮೈಯಲ್ಲಿ ರಕ್ತ ಸರಿಯಾಗಿ ಹುಟ್ಟುತ್ತಿರಲಿಲ್ಲ. ಆಗಾಗ ಆಸ್ಪತ್ರೆಯಲ್ಲಿ ಬೇರೆಯವರ ರಕ್ತ ಹಾಕಿಸಬೇಕಿತ್ತು. ಇದು ಹೆಂಡತಿಯ ತವರಿನ ದೋಷ, ಇನ್ನು ಹಾಕಿಸುವುದಿಲ್ಲ ಎಂದು ಒಂದು ದಿನ ಡ್ರೈವರ್ ಹತ್ತಿರ ಹೇಳುತ್ತಿದ್ದೆ. ಮೇಷ್ಟ್ರು ಎದ್ದು ಬಂದರು.

"ಪೂರಾ ಕೇಳಯ್ಯ. ದೋಷ ನಿಮ್ಮಿಬ್ಬರಿಂದ್ಲೂ ಬಂದೈತೆ. ರಕ್ತ ಹೆಂಗೆ ಮಾಡ್ಬೇಕು ಅನ್ನೋ ಬರಹ ಮೈಯೊಳಗೇ ಇರ್ತದೆ. ಇಂಥ ಕೆಲವು ಮಕ್ಕಳಲ್ಲಿ ನಡುವೇನೇ 'ನಿಲ್ಲು' ಅಂತ ತಪ್ಪಾಗಿ ಬಿದ್ದಿರ್ತದೆ. ಅಲ್ಲಿ ನಿಲ್ಲದೆ ಮುಂದಕ್ಕೆ ಓದೋ ಹಂಗೆ ಆ ಬರಹ ಓದೋ ಟಿಆರ್‌ಎನ್‌ಎ ಅನ್ನೋ ಕಣವನ್ನ ಹೊರದೇಶದಲ್ಲಿ ತಿದ್ದವ್ರೆ. ಔಷಧಿ ಆಗೋಕೆ ವರ್ಷಗಟ್ಲೆ ಬೇಕು. ಅಲ್ಲೀಗಂಟ ಕೂಸನ್ನ ಉಳಿಸ್ಕೊ."

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. "ನನಗೂ ದೋಷ ಐತಾ? ಇಳೀರಿ ಮೇಷ್ಟ್ರೆ ಕೆಳಕ್ಕೆ" ಎಂದು ಸೀಟಿ ಊದಿ, ಮಿಡಿಗೇಶಿಯ ಆಚೆ ಬಯಲಲ್ಲಿ ಇಳಿಸಿದೆ. ಅವರು ಕಿಟಕಿ ಹಿಡಿದುಕೊಂಡು, "ಈ ತಿಂಗಳು ಹಾಕ್ಸಯ್ಯ, ನಾನೇ ರಕ್ತ ಕೊಡ್ತೀನಿ" ಎಂದರು.

ನನಗೆ ಸ್ಪಷ್ಟವಾಗಿ ಕೇಳಿಸಿತು. "ರೈಟ್" ಎಂದು ಕೂಗಿದೆ.

ರಕ್ತ ಹಾಕಿಸಲೇ ಇಲ್ಲ. ಮಗಳು ಆ ಬೇಸಿಗೆ ದಾಟಲಿಲ್ಲ. ದೋಷ ತನ್ನೊಬ್ಬಳದೇ ಎಂದು ನನ್ನ ಹೆಂಡತಿ ಈಗಲೂ ನಂಬಿದ್ದಾಳೆ. ಅಲ್ಲವೆಂದು ನಾನು ಹೇಳಿಲ್ಲ.