ಹಾನಗಲ್ಲಿನ ಹಲ್ಲಿನ ಖುರ್ಚಿ

ನನ್ನ ಬಾಯಲ್ಲಿ ಈಗ ಹೆಸರಿಗೂ ಒಂದು ಹಲ್ಲು ಉಳಿದಿಲ್ಲವಾದ್ದರಿಂದ, ಓದುಗ ಮಿತ್ರರೇ, ಊಟವಾದೊಡನೆ ಅವ್ವನ ಕಾಲದ ಕಬ್ಬಿಣದ ಕುಟ್ಟಾಣಿಯನ್ನು ಮುಂದಿಟ್ಟುಕೊಂಡು ಎಲೆಯಡಿಕೆ ಜಜ್ಜಲು ಕೂರುತ್ತೇನೆ. ಎಲೆ ಸವಣೂರಿನದು, ಅಡಿಕೆ ಹಾನಗಲ್ಲಿನದು; ಇವೆರಡೂ ಕೂಡಿ ನಮ್ಮ ಸೀಮೆಯ ಬಾಯಿಗಳನ್ನು ಕೆಂಪಾಗಿಸಿದ್ದರಲ್ಲಿ, ಹಲ್ಲುಗಳನ್ನು ಸವೆಸಿದ್ದರಲ್ಲಿ ಎಳ್ಳಷ್ಟೂ ಪಕ್ಷಪಾತವಿರಲಿಲ್ಲ. ಪಕ್ಷಪಾತ ಬಂದದ್ದು ಸರ್ಕಾರದಿಂದ.

ಅರವತ್ತರ ದಶಕದ ಮಾತು. ಯಾವ ಊರಿನವರು ಅರ್ಧ ವೆಚ್ಚವನ್ನು ತಾವೇ ಕೂಡಿಸುವರೋ ಆ ಊರಿಗೆ ಉಳಿದರ್ಧ ಸೇರಿಸಿ ಹಲ್ಲಿನ ಖುರ್ಚಿಯನ್ನೂ ವೈದ್ಯರನ್ನೂ ಕೊಡುವೆವೆಂದು ಮೇಲಿನಿಂದ ಅಪ್ಪಣೆಯಾಯಿತು. ಕಬ್ಬು ಅಡಿಕೆಗಳ ಪೇಟೆಯಾದ ಹಾನಗಲ್ಲು ಕಣ್ಣು ಮಿಟುಕಿಸುವುದರೊಳಗೆ ಅರ್ಧ ಕೂಡಿಸಿತು. ಸವಣೂರು ತಾಲೂಕಿನ ನಮ್ಮ ಹತ್ತಿಮತ್ತೂರು ಅರ್ಧ ಕೂಡಿಸಲಾಗದೆ ನೋವನ್ನು ಮಾತ್ರ ಪೂರ್ತಿ ಉಳಿಸಿಕೊಂಡಿತು. ಸರ್ಕಾರದ ಆ ಉಳಿದರ್ಧದೊಳಗೆ ನಮ್ಮ ಕಂದಾಯವೂ ಕೂಡಿತ್ತೆಂಬುದನ್ನು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ. ಕೇಳುವವರು ಬದಲಾಗಿದ್ದಾರೆ, ಅಷ್ಟೆ.

ಅವ್ವನ ದವಡೆ ಬಾತು, ರೊಟ್ಟಿ ಹೋಗಲಿ, ಅಂಬಲಿಯೂ ಇಳಿಯದಂತಾದಾಗ ಅವಳನ್ನು ಬಸ್ಸು ಹತ್ತಿಸಿಕೊಂಡು ಹಾನಗಲ್ಲಿಗೆ ಹೋದೆ. ದವಾಖಾನೆಯ ಹೆಂಚಿನ ಕಟ್ಟಡದ ಹೊರಗಿನ ಬೆಂಚಿನ ಮೇಲೆ ಬೇರೆ ತಾಲೂಕುಗಳಾದ ಶಿಗ್ಗಾಂವಿಯ, ಹಿರೇಕೆರೂರಿನ ಕೆನ್ನೆಗಳೂ ನಮ್ಮಂತೆಯೇ ಊದಿಕೊಂಡು ಕೂತಿದ್ದವು. ಒಳಗೆ, ತೆರೆದ ಬಾಗಿಲಿಗೆ ಎದುರಾಗಿ, ಆ ಖುರ್ಚಿಗೆ ಎಲ್ಲರಿಗಿಂತ ಹೆಚ್ಚು ಹಣ ಕೊಟ್ಟ ಸಾಹುಕಾರರು, ಯಾವ ನೋವೂ ಇಲ್ಲದ ತಮ್ಮ ಹಲ್ಲುಗಳಿಂದ ಎಲೆಯಡಿಕೆಯ ಕರೆಯನ್ನು ಕೆರೆಸಿಕೊಳ್ಳುತ್ತ ಅಂಗಾತ ಮಲಗಿದ್ದರು.

"ಈ ಊರವ್ರದು ಮುಗೀಲಿ, ಯವ್ವಾ," ಎಂದ ಬಾಗಿಲ ಜವಾನ. "ಹೊರಗಿನವ್ರಿಗೆ ವ್ಯಾಳ್ಯಾ ಉಳಿದ್ರ ನೋಡೂಣು."

ಆ ಮಾತನ್ನೂ, ಅದನ್ನಾಡುವಾಗ ಆತ ಆರಾಮಾಗಿ ಕಿವಿ ಕೆರೆದುಕೊಂಡದ್ದನ್ನೂ ನಾನು ಮರೆತಿಲ್ಲ. ಅವ್ವ ಎಲೆಯಡಿಕೆಯ ಸಂಚಿ ಬಿಚ್ಚಿದಳು; ನೋಯುವ ಹಲ್ಲಿಗೆ ಇಟ್ಟುಕೊಳ್ಳಲೆಂದು ಎಲೆಯಲ್ಲಿ ಲವಂಗ ಮಡಿಸಿ ಬೆಂಚಿನವರಿಗೆಲ್ಲ ಹಂಚಿದಳು. ಕರೆ ಕಳೆದುಕೊಂಡು ಎದ್ದು ಕುಳಿತ ಸಾಹುಕಾರರ ಮೂಗಿಗೆ ಎಳೆಯೆಲೆಯ ಘಮ ಬಡಿಯಿತು.

"ಸವಣೂರ ಎಲಿ ಏನ, ಯವ್ವಾ? ಇತ್ತಾಗೂ ಒಂದೆರಡು ಕೊಡು."

ನಮ್ಮಲ್ಲಿ ಎಲೆ ಕೇಳಿದವರಿಗೆ, ಕೋರ್ಟಿನಲ್ಲಿ ಎದುರುಬದುರು ನಿಂತವರಿಗೂ, ಇಲ್ಲವೆನ್ನುವ ವಾಡಿಕೆಯಿಲ್ಲ. ಆದರೂ ಅವ್ವ ಅಂದಳು:

"ಇದು ಸವಣೂರ ತಾಲೂಕಿನ ಎಲಿರಿ, ಸಾವ್ಕಾರ್ರ. ನಮ್ಮವ್ರದು ಮುಗೀಲಿ. ಹೊರಗಿನವ್ರಿಗೆ ಉಳಿದ್ರ ನೋಡೂಣು."

"ಮತ್ತ ಶಿಗ್ಗಾಂವಿಯವ್ರಿಗೆ ಕೊಟ್ಟೆಲ್ಲ!"

"ಅವ್ರ ದವಡಿನೂ ಬಾತೈತಲ್ರಿ. ಅವ್ರು ಹೊರಗಿನವ್ರು ಹೆಂಗಾಕ್ಕಾರ?"

ಇಡೀ ಬೆಂಚು ನಕ್ಕಿತು. ನಕ್ಕವರೆಲ್ಲ ಕೂಡಲೇ ಕೆನ್ನೆ ಹಿಡಿದುಕೊಂಡು ನರಳಿದರು. ವೈದ್ಯರು ಮುಖ ತಿರುಗಿಸಿ ಕೆಮ್ಮಿದರು. ಸಾಹುಕಾರರು ಖುರ್ಚಿಯಿಂದಿಳಿದು, "ಬರ್ರಿ ಯವ್ವಾ, ಕುಂದರ್ರಿ," ಎಂದರು. ಹಲ್ಲು ಕೀಳಿಸಿಕೊಂಡ ಅವ್ವ, ಬಾಯಲ್ಲಿ ಅರಳೆ ಕಚ್ಚಿಕೊಂಡೇ, ಅವರಿಗೆ ಎಲೆ ಕೊಟ್ಟಳು.

ಅವಳ ಪಾಲಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಅವ್ವನ ನಾಲಗೆಯಿಂದ ಅಂದಿನ ಬೆಂಚಿಗೆ ನ್ಯಾಯ ದೊರೆಯಿತೇ ಹೊರತು, ಅಂಥ ನಾಲಗೆಯೂ ಎಲೆಯೂ ಇಲ್ಲದೆ ಮರುದಿನ ಬಂದವರು ಮತ್ತೆ ಹೊರಗಿನವರೇ. ಅರ್ಧವುಳ್ಳವರಿಗಷ್ಟೇ ಅರ್ಧ ಕೊಡುವ ಔದಾರ್ಯವೆಂದರೆ, ಉಂಡು ತೇಗಿದವರ ಎಲೆಗೇ ಮತ್ತೆ ಮತ್ತೆ ತುಪ್ಪ ಬಡಿಸಿದಂತೆ.

ಈ ಕುಟ್ಟಾಣಿಯಾದರೋ ಯಾರ ಅರ್ಧವನ್ನೂ ಕೇಳುವುದಿಲ್ಲ. ಎಲೆಯನ್ನೂ ಅಡಿಕೆಯನ್ನೂ ಒಂದೇ ತೆರನಾಗಿ ನುಣ್ಣಗಾಗಿಸುತ್ತದೆ. ಅಷ್ಟೊಂದು ಸಮಚಿತ್ತ ನನಗೆ ಇನ್ನೂ ಬಂದಿಲ್ಲ. ಹಾನಗಲ್ಲಿನ ಅಡಿಕೆಗೆ ಇಂದಿಗೂ ಎರಡು ಪೆಟ್ಟು ಹೆಚ್ಚಿಗೇ ಹಾಕುತ್ತೇನೆ.