ಮೇಷ್ಟರ ಮನೆಯ ಕಬ್ಬಿಣದ ಪೈಪು

ಇವತ್ತು ನಮ್ಮ ಬಿಲ್ಡಿಂಗಿನ ಪ್ಲಂಬರ್ ಪೈಪಿಗೆ ಕಿವಿಯಿಟ್ಟು ಸೋರಿಕೆ ಹುಡುಕುತ್ತಿದ್ದ. ಮೊದಲು ನಾವಿದ್ದ, ಗೋಡೆಗೆ ಗೋಡೆ ತಾಗಿದ ಸಾಲುಮನೆಗಳ ಕುರ್ಲಾದ ಚಾಲ್ ನೆನಪಾಯಿತು. ಅಲ್ಲಿ ಹೆಂಗಸರು ಬೆಳಿಗ್ಗೆ ಹೀಗೆಯೇ ಕಿವಿಯಿಟ್ಟು, ನೀರು ಬರುತ್ತಿದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದರು. ಎಲ್ಲರ ಅಡುಗೆಮನೆಗೂ ಒಂದೇ ಕಬ್ಬಿಣದ ಪೈಪು.

ಅಪ್ಪ ವಿಜ್ಞಾನದ ಮೇಷ್ಟರು. ಶಬ್ದ ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಕಬ್ಬಿಣದಲ್ಲಿ ವೇಗವಾಗಿ ಸಾಗುತ್ತದೆಂದು ಬೆತ್ತ ಹಿಡಿದು ಕಲಿಸುತ್ತಿದ್ದರು. ಅಂಥ ಪಂಡಿತರು, ಅಕ್ಕನಿಗೆ ಪಕ್ಕದ ಬಡಾವಣೆ ಸಯನ್‌ನಿಂದ ಒಳ್ಳೆಯ ಸಂಬಂಧ ಬಂದಾಗ, ಗುಟ್ಟು ಹೊರಬೀಳಬಾರದೆಂದು ಕಿಟಕಿ ಬಾಗಿಲು ಮುಚ್ಚಿದರು. ಆಮೇಲೆ ಅದೇ ಪೈಪಿಗೆ ಬೆನ್ನು ಆನಿಸಿ ಕೂತು, ಹುಡುಗನ ಹೆಸರು, ಕೆಲಸ, ವಿಳಾಸ ಎಲ್ಲವನ್ನೂ ಅಮ್ಮನಿಗೆ ಒಪ್ಪಿಸಿದರು.

ಭಾನುವಾರ ಹುಡುಗನ ಕಡೆಯವರೇನೋ ಬಂದರು, ಪಕ್ಕದ ಮನೆಯ ಸರೋಜಮ್ಮನ ಮಗಳನ್ನು ನೋಡಲು. ಸಂಬಂಧ ಅಲ್ಲೇ ಕುದುರಿತು.

"ನೀರು ಬಂತಾ ಅಂತ ಕಿವಿ ಇಟ್ಟೆ ಮೇಷ್ಟ್ರೇ, ಅಳಿಯ ಬಂದ!" ಎಂದು ಆಕೆ ನಾಚಿಕೆಯಿಲ್ಲದೆ ನಕ್ಕಳು.

"ಅಪ್ಪಾ, ಪೈಪು ಘನವಸ್ತು ಅಲ್ವಾ?" ಎಂದೆ.

"ಅದು ಪರೀಕ್ಷೆಗೆ ಕಣೋ, ಮನೆಗಲ್ಲ!" ಎಂದು ಗದರಿದರು.

ಈಗಲೂ ಹಳೆಯ ಶಿಷ್ಯರು ಮನೆಗೆ ಬಂದು ಅಪ್ಪನ ಪಾಠವನ್ನು ಹೊಗಳುತ್ತಾರೆ. ಆ ಭಾನುವಾರದ ನಂತರ ಯಾವ ಸಂಬಂಧವೂ ಕೂಡಿಬರದೆ ಮನೆಯಲ್ಲೇ ಉಳಿದ ಅಕ್ಕ ಅವರಿಗೆಲ್ಲ ಚಹಾ ತಂದಿಡುತ್ತಾಳೆ.